ಬಿಸಿಲಿಗೆ ಜಗ್ಗದ ಅಳತೆಗೋಲು

ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೊರಟರೆ ನಡುದಾರಿಯಲ್ಲಿ 77 ಡಿಗ್ರಿ ರೇಖಾಂಶ ದಾಟುತ್ತೇವೆ. ಹೀಗಾಗಿ ಸರ್ವೆ ಆಫ್ ಇಂಡಿಯಾದ ಟೋಪೋ ಶೀಟುಗಳಲ್ಲಿ ಈ ನೆರೆಯೂರುಗಳು ಬೇರೆ ಬೇರೆ ಹಾಳೆಯಲ್ಲಿವೆ: ಬಸವಕಲ್ಯಾಣ 56 ಸಿ, ಹುಮನಾಬಾದ್ 56 ಜಿ. ಆದರೂ ಹಾಳೆಗಳನ್ನು ಜೋಡಿಸಿಟ್ಟರೆ ಹಳ್ಳ, ರಸ್ತೆ, ಸಮೋನ್ನತ ರೇಖೆ ಯಾವುದೂ ಅಂಚಿನಲ್ಲಿ ತುಂಡಾಗುವುದಿಲ್ಲ. ಇಂಥ ನಕ್ಷೆಗಳಿಗೆ ತಳಹದಿಯಾದದ್ದು ದೇಶದ ತುಂಬ ಹೆಣೆದ ತ್ರಿಭುಜಗಳ ಜಾಲ. ಅದರ ಒಂದು ಆಧಾರರೇಖೆ ಅಳೆದದ್ದು ಬೀದರಿನ ಹತ್ತಿರವೇ.

ತ್ರಿಭುಜದ ಒಂದು ಬಾಹು, ಎರಡು ಕೋನ ಗೊತ್ತಿದ್ದರೆ ಉಳಿದದ್ದು ಲೆಕ್ಕಕ್ಕೆ ಸಿಗುತ್ತದೆ. ಕೋನಕ್ಕೆ ಥಿಯೋಡೊಲೈಟ್ ಇತ್ತು. ಕಷ್ಟವಿದ್ದದ್ದು ಆ ಮೊದಲ ಬಾಹುವನ್ನು, ಅಂದರೆ ಆಧಾರರೇಖೆಯನ್ನು, ನೆಲದ ಮೇಲೆ ಅಳೆಯುವುದರಲ್ಲಿ. ಸರ್ವೆಯ ಅಧಿಕಾರಿ ವಿಲಿಯಂ ಲ್ಯಾಂಬ್ಟನ್ 1815ರಲ್ಲಿ ಇಲ್ಲಿ ಸರಪಳಿಯಿಂದ ಅಳೆಸಿದ್ದ. ಆದರೆ ನಮ್ಮ ಬಿಸಿಲಿಗೆ ಲೋಹ ಹಿಗ್ಗುತ್ತದೆ. ತಾಪಮಾನ 20 ಡಿಗ್ರಿ ಏರಿದರೆ 10 ಕಿ.ಮೀ. ಉದ್ದದ ಕಬ್ಬಿಣ ಎರಡು ಮೀಟರಿಗೂ ಹೆಚ್ಚು ಬೆಳೆಯುತ್ತದೆ.

1841ರಲ್ಲಿ ಅದೇ ಸರ್ವೆಯ ಆಂಡ್ರ್ಯೂ ವಾ ಮತ್ತೆ ಅಳೆದಾಗ ಬಳಸಿದ್ದು ಥಾಮಸ್ ಕೋಲ್ಬಿ ರೂಪಿಸಿದ ಸಲಾಕೆಗಳನ್ನು. ಹತ್ತಡಿಯ ಒಂದು ಹಿತ್ತಾಳೆ ಸಲಾಕೆ, ಒಂದು ಕಬ್ಬಿಣದ್ದು. ಎರಡನ್ನೂ ನಡುವೆ ಮಾತ್ರ ಬಿಗಿದಿದೆ. ಎರಡೂ ತುದಿಗಳಲ್ಲಿ ಅಡ್ಡಲಾಗಿ ಒಂದೊಂದು ಉಕ್ಕಿನ ನಾಲಿಗೆ, ಎರಡು ಸಲಾಕೆಗಳಿಗೂ ತಿರುಗಣಿಯಿಂದ ಸಿಕ್ಕಿಸಿದ್ದು. ಕಬ್ಬಿಣ ಮೂರು ಪಾಲು ಹಿಗ್ಗುವಾಗ ಹಿತ್ತಾಳೆ ಸುಮಾರು ಐದು ಪಾಲು ಹಿಗ್ಗುತ್ತದೆ. ಹಿತ್ತಾಳೆ ತನ್ನ ಕಡೆಯನ್ನು ಜಾಸ್ತಿ ಹೊರದೂಡಿದಾಗ ನಾಲಿಗೆ ಓರೆಯಾಗುತ್ತದೆ. ಕಬ್ಬಿಣದ ಆಚೆ ಚಾಚಿಕೊಂಡ ಅದರ ತುದಿ, ಕಬ್ಬಿಣ ಹೊರಕ್ಕೆ ಹಿಗ್ಗಿದಷ್ಟೇ ಒಳಕ್ಕೆ ವಾಲುತ್ತದೆ. ಹೀಗಾಗಿ ಆ ತುದಿಯಲ್ಲಿರುವ ಚುಕ್ಕೆ ಮಾತ್ರ ಇದ್ದಲ್ಲೇ ಇರುತ್ತದೆ! ಬಿಸಿಲನ್ನು ಬಿಸಿಲಿನಿಂದಲೇ ಸೋಲಿಸಿದ ಈ ಉಪಾಯಕ್ಕಿಂತ ಚೆಂದದ್ದು ಆ ಕಾಲದ ಯಂತ್ರಗಳಲ್ಲಿ ನನಗೆ ಕಂಡಿಲ್ಲ.

ಆರು ಜೋಡಿಗಳನ್ನು ಡೇರೆಯ ನೆರಳಲ್ಲಿ ಸಾಲಾಗಿ ಇಡುತ್ತಿದ್ದರು. ಒಂದರ ಚುಕ್ಕೆಗೂ ಮುಂದಿನದರ ಚುಕ್ಕೆಗೂ ನಡುವಿನ ಆರಂಗುಲವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಹೊಂದಿಸುತ್ತಿದ್ದರು. ಒಂದು ಸಾಲಿಗೆ 63 ಅಡಿ. ಹೀಗೆ ಎತ್ತಿ, ಇಟ್ಟು, ಮಟ್ಟ ನೋಡಿ, ಮೈಲುಗಟ್ಟಲೆ ಸಾಗಬೇಕು. ಡೇರೆ ಹೊತ್ತ ಖಲಾಸಿಗಳ ದುಡಿಮೆಯಿಲ್ಲದೆ ಇದು ಒಂದಡಿಯೂ ಮುಂದೆ ಹೋಗುತ್ತಿರಲಿಲ್ಲ. ಸರ್ವೆಯ ಉಪಕರಣಗಳನ್ನು ದುರಸ್ತಿ ಮಾಡಿದ ಆರ್ಕಾಟಿನ ಸಯ್ಯದ್ ಮೊಹ್ಸಿನ್ ಹೆಸರನ್ನೂ ಇಲ್ಲಿ ನೆನೆಯಲೇಬೇಕು.

1816ರಿಂದ 1855ರ ನಡುವೆ ಯುರೋಪಿನಲ್ಲೂ ಖಗೋಳಜ್ಞ ಸ್ಟ್ರೂವೆಯ ತಂಡ ನಾರ್ವೆಯ ಹ್ಯಾಮರ್‌ಫೆಸ್ಟಿನಿಂದ ಕಪ್ಪು ಸಮುದ್ರದವರೆಗೆ ಇಂಥದೇ ತ್ರಿಭುಜಗಳ ಸಾಲು ಕಟ್ಟಿತು. ಅವರಿಗೆ ಉತ್ತರ ತುದಿಯ ಚಳಿ, ನಮ್ಮವರಿಗೆ ಬೀದರಿನ ಬಿಸಿಲು.

ಈಗ ಉಪಗ್ರಹ ಕ್ಷಣದಲ್ಲಿ ಜಾಗ ಹೇಳುತ್ತದೆ. ಆದರೂ ಟೋಪೋ ಶೀಟ್ ಓದುವುದನ್ನು ನಮ್ಮ ಮಕ್ಕಳು ಕಲಿಯಬೇಕು. 56 ಸಿ, 56 ಜಿ ಥರದ ಹಾಳೆಗಳಲ್ಲಿ 2 ಸೆಂ.ಮೀ. ಎಂದರೆ ನೆಲದ ಮೇಲೆ 5 ಕಿ.ಮೀ. ಸಮೋನ್ನತ ರೇಖೆಗಳು ಒತ್ತೊತ್ತಾಗಿ ಬಂದಲ್ಲಿ ಕಡಿದಾದ ಇಳಿಜಾರು, ವಿರಳವಾದಲ್ಲಿ ಬಯಲು. ಬೀದರ್ ಸೀಮೆಯ ಮೇಷ್ಟ್ರುಗಳೇ, 56 ಸಿ ಮತ್ತು 56 ಜಿ ತರಿಸಿ ತರಗತಿಯ ಗೋಡೆಗೆ ಅಕ್ಕಪಕ್ಕ ಅಂಟಿಸಿ. ಮಕ್ಕಳು ಮೊದಲು ತಮ್ಮೂರಿನ ಹಳ್ಳ ಎಲ್ಲಿಗೆ ಹರಿದು ಹೋಗುತ್ತದೆಂದು ಹುಡುಕಲಿ.