ಕಚೇರಿಗೆ ಬಂದ ಅತ್ತೆಯ ಕೋಪ

ಊರು ಬಿಟ್ಟು ಮುಂಬಯಿಗೆ ಬಂದ ಹೊಸತರಲ್ಲಿ ನಮಗೆ ಮರಾಠಿಯೂ ಬಾರದು, ಹಿಂದಿಯೂ ಬಾರದು. ಮಾತು ತಿಳಿಯುವ ಮೊದಲೇ ಎದುರಿನವರ ಮುಖ ಓದುವುದನ್ನು ಕಲಿತೆವು. ಅದೂ ಒಂದು ವಿದ್ಯೆಯೆಂದು ಆಗ ಎಣಿಸಿರಲಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಪೀಟರ್ ಸಾಲೊವೆ ಮತ್ತು ಜಾನ್ ಮೇಯರ್ ಅವರು 1990ರಲ್ಲಿ ಇಂಥ ಶಕ್ತಿಯನ್ನು ‘ಭಾವನಾತ್ಮಕ ಬುದ್ಧಿಶಕ್ತಿ’ ಎಂಬ ಹೆಸರಿನಿಂದ ವಿವರಿಸಿದರು. 1995ರಲ್ಲಿ ಡೇನಿಯಲ್ ಗೋಲ್‌ಮನ್ನರ ಪುಸ್ತಕ ಬಂದ ಮೇಲೆ ಆ ಮಾತು ಕಚೇರಿಗಳಿಗೂ ಹಬ್ಬಿತು. ಪರರ ಭಾವನೆಯನ್ನಷ್ಟೇ ಅಲ್ಲ, ತನ್ನದನ್ನೂ ಗುರುತಿಸಿ ಹದದಲ್ಲಿಡುವುದೇ ಇದರ ತಿರುಳು.

ಪರರ ಮುಖ ಓದಬಲ್ಲ ನಾವು ಎಡವಿದ್ದು ಇಲ್ಲಿಯೇ. ಲೆಕ್ಕದಲ್ಲಿ ತಪ್ಪಿದ ಹೊಸ ಗುಮಾಸ್ತನನ್ನು ಒಮ್ಮೆ ಎಲ್ಲರೆದುರು ಗದರಿದೆವು. ಮರುದಿನ ಇನ್ನೊಂದು ತಪ್ಪು ಆತನ ಕಣ್ಣಿಗೆ ಬಿದ್ದರೂ ಹೆದರಿ ಬಾಯಿ ಬಿಡಲಿಲ್ಲ. ತಿಂಗಳ ಕೊನೆಗೆ ಅದನ್ನು ತಿದ್ದಲು ಎಲ್ಲರೂ ಎರಡು ರಾತ್ರಿ ಕೂಡಬೇಕಾಯಿತು. ನಿಜವಾಗಿ ನಮ್ಮ ಸಿಟ್ಟು ಬೆಳಗ್ಗೆ ನಮ್ಮನ್ನು ಗದರಿದ ಮೇಲಧಿಕಾರಿಯ ಮೇಲಿನದು. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂದಂತಾಯಿತು! ಆತನ ಮೇಜಿನ ಬಳಿ ಹೋಗಿ ಕ್ಷಮೆ ಕೇಳಿದೆವು.

ಕೆಲಸವನ್ನೇ ಅರಿಯದವನನ್ನು ಈ ಗುಣವೊಂದೇ ಕಾಯದು. ಆದರೆ ಕೆಲಸ ಬಲ್ಲವನೂ ಬಾಯಿ ತೆರೆಯುವ ಮುನ್ನ ‘ಈ ಸಿಟ್ಟು ಯಾರ ಮೇಲಿನದು?’ ಎಂದು ತನ್ನನ್ನೇ ಕೇಳಿಕೊಳ್ಳುವುದು ಲೇಸು.