ಮೊಬೈಲ್ ಎತ್ತಿದೊಡನೆ ಆಟ ನಿಲ್ಲುವುದೇಕೆ?

ಬೆಳಗಾವಿಯ ವಡಗಾವಿ ಭಾಗದ ನೇಕಾರರ ಓಣಿಗಳಲ್ಲಿ ಸಾಕುನಾಯಿಗೆ ಅಂಗಳವೆಂದರೆ ಬಹುಮಟ್ಟಿಗೆ ಗಲ್ಲಿಯೇ. ಒಳಗೆ ಮಗ್ಗ, ಹೊರಗೆ ಕಟ್ಟೆ, ಕಟ್ಟೆ ಇಳಿದರೆ ರಸ್ತೆ. ಅಲ್ಲಿ ಹುಡುಗರ ಜತೆ ಚೆಂಡಿನ ಹಿಂದೆ ಓಡುವ ನಾಯಿಯ ಚಿತ್ರ ತೆಗೆಯಲು ಈಗ ಸ್ಟುಡಿಯೋದವರನ್ನು ಕರೆಸಬೇಕಿಲ್ಲ, ಎಲ್ಲರ ಕಿಸೆಯಲ್ಲೂ ಕ್ಯಾಮೆರಾ ಇದೆ. ಆದರೂ ಸ್ಟೇಟಸ್ಸಿಗೆ ಏರುವ ಚಿತ್ರಗಳು ಹೆಚ್ಚಾಗಿ ಒಂದೇ ನಮೂನೆ: ಕೂತ ನಾಯಿ, ಕಣ್ಣಿಗೆ ಕರಿ ಚಸ್ಮಾ, ತಲೆಗೊಂದು ಟೋಪಿ, ಕೊರಳಪಟ್ಟಿ ಹಿಡಿದ ಯಾರದೋ ಕೈ. ಕ್ಷಣದ ಹಿಂದೆ ಕುಣಿಯುತ್ತಿದ್ದ ಪ್ರಾಣಿ ಮೊಬೈಲ್ ಎತ್ತಿದೊಡನೆ ಬೊಂಬೆಯಾಗಿಬಿಡುತ್ತದೆ. ತಪ್ಪು ಮೊಬೈಲಿನದೆಂದು ಇನ್ನಷ್ಟು ದುಡ್ಡು ಸುರಿದು ಹೊಸದು ತರುವವರಿದ್ದಾರೆ. ಆದರೆ ಆಟದ ಚಿತ್ರ ಕೆಡುವುದು ಕ್ಯಾಮೆರಾ ತಿಳಿಯದ್ದರಿಂದಲ್ಲ, ನಾಯಿಯ ಮೈಮಾತು ತಿಳಿಯದ್ದರಿಂದ ಎಂಬುದು ನನ್ನ ವಾದ.

ನಮಗೆ ಬಹಳ ನಗು ತರಿಸುವ ಚಿತ್ರವನ್ನೇ ನೋಡಿ. ಹರಿದ ದಿಂಬಿನ ಪಕ್ಕ ತಲೆ ತಗ್ಗಿಸಿ, ಕಿವಿ ಹಿಂದಕ್ಕೊತ್ತಿ, ಓರೆಗಣ್ಣು ಮಾಡಿ ಕೂತ ನಾಯಿ. ‘ಸಿಕ್ಕಿಬಿದ್ದ ಕಳ್ಳ’ ಎಂದು ಕೆಳಗೆ ಬರೆದೂ ಹಾಕುತ್ತೇವೆ. ಅಮೆರಿಕದ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಪ್ರಕಟಿಸಿದ ಪ್ರಯೋಗ ಈ ನಗುವಿಗೆ ತಣ್ಣೀರೆರಚುತ್ತದೆ. ತಿನಿಸನ್ನು ಮುಟ್ಟಬೇಡವೆಂದು 14 ಸಾಕುನಾಯಿಗಳಿಗೆ ಹೇಳಿ ಒಡೆಯರು ಹೊರಗೆ ಹೋದರು. ಮರಳಿದಾಗ ನಾಯಿ ತಿಂದಿದೆಯೆಂದೋ ಇಲ್ಲವೆಂದೋ ಅವರಿಗೆ ತಿಳಿಸಲಾಯಿತು; ತಿಳಿಸಿದ್ದೆಲ್ಲ ನಿಜವಿರಲಿಲ್ಲ. ತಪ್ಪಿತಸ್ಥ ಮುಖ ತಿಂದ ನಾಯಿಗಳಲ್ಲಿ ಹೆಚ್ಚು ಕಾಣಲಿಲ್ಲ, ಬೈಸಿಕೊಂಡ ನಾಯಿಗಳಲ್ಲಿ ಕಂಡಿತು. ಅದರಲ್ಲೂ ತಿನ್ನದೆಯೇ ಬೈಸಿಕೊಂಡ ಪಾಪದವುಗಳಲ್ಲಿ ಅದು ಇನ್ನೂ ಎದ್ದು ಕಂಡಿತು. ಅಂದರೆ ತುಂಟತನವೆಂದು ನಾವು ಹಿಡಿದಿಟ್ಟದ್ದು ಅಂಜಿಕೆಯನ್ನು. ಚಸ್ಮಾ ಹಾಕಿಸಿಕೊಂಡ ನಾಯಿಯದೂ ಬಹಳ ಸಲ ಇದೇ ಪಾಡು. ನಿದ್ದೆಯಿಲ್ಲದ ಆಕಳಿಕೆ, ತಿನಿಸಿಲ್ಲದಿದ್ದರೂ ಮತ್ತೆಮತ್ತೆ ಮೂಗು ನೆಕ್ಕಿಕೊಳ್ಳುವುದು, ಮುಖ ಆಚೆ ತಿರುಗಿಸಿ ಕಣ್ಣಿನ ಬಿಳಿ ಕಾಣುವಂತೆ ನೋಡುವುದು, ಎಲ್ಲವೂ ‘ಸಾಕು, ಬಿಡಿ’ ಎನ್ನುವ ಗುರುತುಗಳು.

ಹಾಗಿದ್ದರೆ ಮೊಬೈಲ್ ಕಂಡೊಡನೆ ಆಟ ನಿಲ್ಲುವುದೇಕೆ? ಬ್ರಿಟನ್ನಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದಲ್ಲಿ ಯೂಲಿಯಾನೆ ಕಾಮಿನ್‌ಸ್ಕಿ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದಕ್ಕೊಂದು ಸುಳಿವಿದೆ. ಎದುರಿನ ಮನುಷ್ಯ ತನ್ನತ್ತ ಮುಖ ಮಾಡಿದ್ದಾಗ ನಾಯಿಯ ಮುಖಚಲನೆ ಹೆಚ್ಚುತ್ತದೆ, ಬೆನ್ನು ತಿರುಗಿಸಿದಾಗ ಕುಗ್ಗುತ್ತದೆ. ಕೈಯಲ್ಲಿ ತಿನಿಸಿದ್ದರೂ ಇಲ್ಲದಿದ್ದರೂ ಇದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ನಾಯಿಯ ಮುಖ ಅರಳುವುದು ನಮ್ಮ ಮುಖಕ್ಕೆ. ಆ ಮುಖಕ್ಕೇ ಮೊಬೈಲನ್ನು ಅಡ್ಡ ಹಿಡಿದು, ಉಸಿರು ಬಿಗಿಹಿಡಿದು ದಿಟ್ಟಿಸತೊಡಗಿದರೆ ಅದಕ್ಕೆ ಆಟದ ಜೊತೆಗಾರ ಮಾಯವಾದಂತೆಯೇ. ಆದ್ದರಿಂದ ಆಡಿಸುವವರು ಒಬ್ಬರು, ಚಿತ್ರ ತೆಗೆಯುವವರು ಇನ್ನೊಬ್ಬರು ಇರುವುದು ಮೇಲು. ಒಬ್ಬರೇ ಇದ್ದರೆ ನೆಲಕ್ಕೆ ಕೂತು, ಮೊಬೈಲನ್ನು ಎದೆಯ ಮಟ್ಟಕ್ಕೆ ಇಳಿಸಿ, ಕಣ್ಣನ್ನು ನಾಯಿಗೇ ಬಿಟ್ಟುಕೊಡಬೇಕು. ಎತ್ತರದಿಂದ ತೆಗೆದಾಗ ಬರಿಯ ಬೆನ್ನು, ನೆತ್ತಿ ಕಾಣುವ ದೋಷವೂ ಇದರಿಂದಲೇ ಹೋಗುತ್ತದೆ.

ಇದೆಲ್ಲ ಸರಿ, ಆದರೆ ಬೆಳಕು? ಜೂನಿನಿಂದ ಸೆಪ್ಟೆಂಬರ್‌ವರೆಗೆ ಬೆಳಗಾವಿಯ ಆಕಾಶ ಮುಸುಕು ಹಾಕಿಕೊಂಡಿರುತ್ತದೆ, ಖಾನಾಪುರದ ಕಡೆ ಇನ್ನೂ ದಟ್ಟ. ಮಗ್ಗದ ಮನೆಯ ಪಡಸಾಲೆಯಲ್ಲಂತೂ ಹಗಲಲ್ಲೇ ದೀಪ ಬೇಕು. ಮಬ್ಬಿನಲ್ಲಿ ಮೊಬೈಲ್ ತನ್ನ ಕಣ್ಣನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ, ಓಡುವ ನಾಯಿ ಅಷ್ಟರಲ್ಲಿ ಕಲಸಿಹೋಗುತ್ತದೆ. ದೌಡನ್ನು ಸ್ಪಷ್ಟವಾಗಿ ಹಿಡಿಯಲು ಸೆಕೆಂಡಿನ ಸಾವಿರದಲ್ಲೊಂದು ಪಾಲಿನ ವೇಗ ಬೇಕು, ಅದಕ್ಕೆ ಬಿಸಿಲು ಬೇಕು. ಉಪಕರಣದ ವಾದ ಗೆದ್ದಂತೆ ಕಾಣುವುದು ಇಲ್ಲಿಯೇ. ಆದರೆ ನಾಯಿಯ ಆಟ ಎಡೆಬಿಡದ ಓಟವಲ್ಲ, ಅದರಲ್ಲಿ ನಿಲುಗಡೆಗಳಿವೆ. ಮುಂಗಾಲು ನೆಲಕ್ಕೆ ಚಾಚಿ, ಎದೆ ತಗ್ಗಿಸಿ, ಹಿಂಭಾಗ ಮೇಲೆತ್ತಿ ‘ಬಾ’ ಎನ್ನುವ ಭಂಗಿಯನ್ನು ಎಲ್ಲರೂ ಕಂಡಿದ್ದಾರೆ. ಅಮೆರಿಕದ ಪ್ರಾಣಿವರ್ತನೆಯ ತಜ್ಞ ಮಾರ್ಕ್ ಬೆಕಾಫ್ 1995ರಲ್ಲಿ ತೋರಿಸಿದಂತೆ ಇದು ಆಟದ ಆರಂಭಕ್ಕಷ್ಟೇ ಸೀಮಿತವಲ್ಲ. ತಪ್ಪರ್ಥಕ್ಕೆ ಎಡೆಯಿರುವ ಕಚ್ಚಾಟದ ಮುಂಚೆ ಮತ್ತು ಅನಂತರ, ‘ಇದು ಬರೀ ಆಟ’ ಎಂದು ತಿಳಿಸಲು ಇದೇ ಭಂಗಿ ಮರಳಿ ಬರುತ್ತದೆ. ಆಗ ನಾಯಿ ಅರೆಗಳಿಗೆ ನಿಲ್ಲುತ್ತದೆ, ಕಿವಿ, ಕಣ್ಣು, ಬಾಯಿ ಎಲ್ಲ ಎಚ್ಚರವಾಗಿರುತ್ತವೆ. ಜಿಗಿತದ ತುತ್ತತುದಿಯೂ ಅಂಥದೇ: ಏರುವುದು ಮುಗಿದು ಇಳಿಯುವುದು ಶುರುವಾಗುವ ಕ್ಷಣದಲ್ಲಿ ಮೈ ಗಾಳಿಯಲ್ಲಿ ತೂಗಿ ನಿಂತಂತಿರುತ್ತದೆ. ಈ ನಿಲುಗಡೆಗಳನ್ನು ಮುಂಚೆಯೇ ಊಹಿಸಬಲ್ಲವನಿಗೆ ಕಡಿಮೆ ಬೆಳಕೂ ಸಾಕು, ಸಾಧಾರಣ ಮೊಬೈಲೂ ಸಾಕು. ಫ್ಲ್ಯಾಶ್ ಮಾತ್ರ ಬೇಡ. ನಾಯಿಯ ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಮರಳಿಸುವ ಪದರವಿರುವುದರಿಂದ ಕಣ್ಣುಗುಡ್ಡೆ ಹಸಿರು ದೀಪವಾಗಿಬಿಡುತ್ತದೆ. ಇನ್ನೊಂದು ಮಾತು, ಚಿತ್ರಕ್ಕೆ ಚೆಂದವೆಂದು ಕೆಂಪು ಚೆಂಡು ತರುವವರಿಗೆ: ನಾಯಿಗೆ ಚೆನ್ನಾಗಿ ಕಾಣುವ ಬಣ್ಣಗಳು ನೀಲಿ ಮತ್ತು ಹಳದಿ. ಹಸಿರು ಹುಲ್ಲಿನಲ್ಲಿ ಕೆಂಪು ಅದರ ಕಣ್ಣಿಗೆ ಎದ್ದು ಕಾಣುವುದಿಲ್ಲ.

ನಾಯಿಯ ಛಾಯಾಚಿತ್ರಗಳಿಗೆ ಲೋಕಪ್ರಸಿದ್ಧನಾದ ಎಲಿಯಟ್ ಅರ್ವಿಟ್ ತಾನೇ ಬೊಗಳಿ ನಾಯಿಗಳನ್ನು ಕೆಣಕುತ್ತಿದ್ದನಲ್ಲ, ಅದೇನು ಸಹಜ ಚಿತ್ರವೇ ಎಂದು ಕೇಳಬಹುದು. ಬೊಗಳಿದ್ದು ಒಂದು ಕರೆ. ಅದಕ್ಕೆ ಜಿಗಿಯುವುದೋ, ಓಡುವುದೋ, ಅಸಡ್ಡೆ ಮಾಡುವುದೋ ನಾಯಿಗೆ ಬಿಟ್ಟದ್ದು. ಟೋಪಿಗೆ ಹಾಗೆ ಮರುಮಾತಾಡುವ ಅವಕಾಶವಿಲ್ಲ. ಮಳೆಯಂಗಿ ತೊಟ್ಟೂ ಕುಣಿಯುವ ನಾಯಿಗಳಿವೆ, ಅಂಥ ಚಿತ್ರಕ್ಕೆ ತಕರಾರಿಲ್ಲ. ತೊಡಿಸಿದ ಮೇಲೂ ಆಟ ಮುಂದುವರಿಯಿತೇ ಎಂಬುದೊಂದೇ ಪರೀಕ್ಷೆ. ನಾಯಿಗೆ ತನ್ನ ಫೋಟೋ ಏನು ತಿಳಿಯುತ್ತದೆ ಎನ್ನುವವರೂ ಇದ್ದಾರೆ. ಫೋಟೋ ತಿಳಿಯದು, ತೆಗೆಯುವ ಹೊತ್ತು ತಿಳಿಯುತ್ತದೆ. ಅದಕ್ಕಿಂತ ಮುಖ್ಯವಾದದ್ದು ಮಕ್ಕಳ ವಿಷಯ. ಬಿಳಿಗಣ್ಣು ತೋರಿಸಿ ಮೈ ಸೆಟೆದು ಕೂತ ನಾಯಿಯನ್ನು ತಮಾಷೆಯೆಂದು ಕಲಿತ ಮಗು ಅದೇ ಮುಖದ ಹತ್ತಿರ ತನ್ನ ಮುಖ ಒಯ್ಯುತ್ತದೆ. ಎಷ್ಟೋ ಕಡಿತಗಳ ಮುನ್ಸೂಚನೆ ಆ ಸೆಟೆತವೇ.

ನಿಂತ ಭಂಗಿಗೆ ಬೆಲೆಯೇ ಇಲ್ಲವೆಂದಲ್ಲ. ನೆರೆಯ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು. ಇಂಥಲ್ಲಿ ಕಾಲಿನ ಉದ್ದ, ಎದೆಯ ಆಳ, ಸೊಂಟದ ಸಪೂರ ಕಾಣುವ ಚಿತ್ರವೇ ಬೇಕು. ಆದರೆ ಅದು ತಳಿಯ ಚಿತ್ರ, ಇಂಥದೇ ನಾಯಿಯದಲ್ಲ. ಒಂದೇ ಒಂದು ನಾಯಿಯನ್ನು ನೆನಪಿಡಬೇಕಾದಾಗ ನಮ್ಮ ಶಿಲ್ಪಿಗಳು ಮಾಡಿದ್ದೇ ಬೇರೆ. ಹತ್ತನೆಯ ಶತಮಾನದ ಆತಕೂರಿನ ಶಾಸನದ ಕಲ್ಲಿನಲ್ಲಿ ಮಣಲೇರನೆಂಬ ವೀರನ ಬೇಟೆನಾಯಿ ಕಾಳಿ ಹಂದಿಯೊಡನೆ ಸೆಣಸುತ್ತಲೇ ಇದೆ, ಹೆಸರನ್ನು ಬರಹ ಹೇಳುತ್ತದೆ. ಮುಧೋಳ ಸಾಕಿದವರು ವಡಗಾವಿಯಲ್ಲಿದ್ದರೆ ಕಟ್ಟೆಯ ಮೇಲೆ ಅದನ್ನು ನಗಿಸಲು ಒದ್ದಾಡುವುದಕ್ಕಿಂತ, ಭತ್ತದ ಕೊಯ್ಲು ಮುಗಿದ ಮೇಲೆ ಯಳ್ಳೂರು ರಸ್ತೆಯ ಬಯಲಿಗೆ ಹೋಗುವುದು ವಾಸಿ. ಕಣ್ಣಿಗೆ ಬಿದ್ದದ್ದನ್ನು ಬೆನ್ನಟ್ಟುವ ತಳಿಯದು, ಓಟವೇ ಅದರ ಆಟ. ಹಗ್ಗಕ್ಕೆ ಚಿಂದಿ ಕಟ್ಟಿ ಒಬ್ಬರು ಎಳೆದೋಡಲಿ, ಇನ್ನೊಬ್ಬರು ಸಂಜೆಯ ಬಿಸಿಲಿಗೆ ಬೆನ್ನು ಮಾಡಿ, ನಾಯಿ ವೇಗ ತಗ್ಗಿಸಿ ಹೊರಳುವ ತಿರುವಿನ ಬಳಿ ಕೂತಿರಲಿ.