ನಾಲ್ಕು ಚಕ್ರಗಳಿಗೆ ಬಲ ಹಂಚುವ ಬಗೆ

1809ರಲ್ಲಿ ಹಲಸೂರಿನ ನೆರೆಯಲ್ಲಿ ನೆಲೆಯೂರಿದ ಬೆಂಗಳೂರಿನ ದಂಡು ತನ್ನ ಮೊದಲ ನೂರು ವರ್ಷಗಳನ್ನು ಎತ್ತು ಕುದುರೆಗಳ ಬಲದಿಂದಲೂ, ಅಲ್ಲಿಂದೀಚಿನ ಕಾಲವನ್ನು ಮೋಟಾರು ವಾಹನಗಳ ಬಲದಿಂದಲೂ ಸಾಗಿಸಿಕೊಂಡು ಬಂದಿದೆ. ಹಲಸೂರು ಕೆರೆಯ ಬದಿಯಲ್ಲಿ ಮದರಾಸ್ ಸ್ಯಾಪರ್ಸ್ ಎಂದು ಪ್ರಸಿದ್ಧರಾದ ಎಂಜಿನಿಯರ್ ಸೈನಿಕರ ಕೇಂದ್ರವೂ, ದೊಮ್ಮಲೂರಿನ ಆಚೆಗೆ ಸೈನ್ಯದ ಚಾಲಕರನ್ನು ತರಬೇತುಗೊಳಿಸುವ ಆರ್ಮಿ ಸರ್ವಿಸ್ ಕೋರ್ ಕೇಂದ್ರವೂ ಇರುವ ಈ ಭಾಗದಲ್ಲಿ ಜೀಪು, ಜೋಂಗಾ, ಜಿಪ್ಸಿಗಳು ಮೂರು ತಲೆಮಾರುಗಳಿಂದ ಜನರ ಕಣ್ಣಿಗೆ ಪರಿಚಿತವಾಗಿವೆ. ಸೇವೆ ಮುಗಿಸಿ ಹರಾಜಾದ ಇಂತಹ ವಾಹನಗಳು ಕೊಡಗಿನ ಮತ್ತು ಸಕಲೇಶಪುರದ ತೋಟಗಳಿಗೆ ಹೋಗಿ ಇನ್ನೊಂದು ಆಯುಷ್ಯವನ್ನು ಕಳೆದರೆ, ಅವುಗಳ ಬಿಡಿಭಾಗಗಳು ಶಿವಾಜಿನಗರದ ಗುಜರಿ ಅಂಗಡಿಗಳಿಗೆ ಬಂದು ಸೇರುತ್ತವೆ. ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲವನ್ನು ಒಯ್ಯುವ ಯಂತ್ರವ್ಯವಸ್ಥೆಗಳ ಮರ್ಮವನ್ನು ಅರಿಯಬಯಸುವವರಿಗೆ ರಸೆಲ್ ಮಾರುಕಟ್ಟೆಯ ಆಸುಪಾಸಿನ ಈ ಓಣಿಗಳಿಗಿಂತ ಉತ್ತಮವಾದ ಪಾಠಶಾಲೆ ನಗರದಲ್ಲಿ ಇನ್ನೊಂದಿಲ್ಲವೆಂದು ನನ್ನ ಅಭಿಪ್ರಾಯ. ಏಕೆಂದರೆ ಹೊಸ ವಾಹನದ ಹೊಟ್ಟೆಯೊಳಗೆ ಮುಚ್ಚಿಹೋಗಿರುವ ಚಕ್ರ, ಸರಪಳಿ, ಹಲ್ಲುಗಳೆಲ್ಲ ಇಲ್ಲಿ ನೆಲದ ಮೇಲೆ ಬಿಚ್ಚಿಕೊಂಡು ಬಿದ್ದಿರುತ್ತವೆ.

ವಾಹನದ ಹಿಂಬದಿಯಲ್ಲಿ 4×4 ಎಂಬ ಗುರುತನ್ನು ಕಂಡೊಡನೆ ಎಲ್ಲವೂ ಒಂದೇ ಬಗೆಯ ಶಕ್ತಿಯುಳ್ಳವೆಂದು ಬಗೆಯುವವರು ಬಹಳ. ವಾಸ್ತವದಲ್ಲಿ ಈ ಗುರುತಿನ ಹಿಂದೆ ಸ್ವಭಾವದಲ್ಲಿಯೇ ಭಿನ್ನವಾದ ಹಲವು ರಚನೆಗಳಿವೆ. ಅವೆಲ್ಲವೂ ಹುಟ್ಟಿಕೊಂಡದ್ದು ಒಂದೇ ವಿರೋಧದಿಂದ: ತಿರುವಿನಲ್ಲಿ ಚಕ್ರಗಳು ಬೇರೆ ಬೇರೆ ವೇಗದಲ್ಲಿ ಉರುಳಲೇಬೇಕು; ಕೆಸರಿನಲ್ಲಿ ಜಾರುವ ಚಕ್ರವು ಮಾತ್ರ ತನ್ನ ಜೊತೆಯದನ್ನು ಬಿಟ್ಟು ಬೇರೆಯಾಗಿ ತಿರುಗಕೂಡದು. ಈ ಎರಡು ಬೇಡಿಕೆಗಳಲ್ಲಿ ಯಾವುದಕ್ಕೆ ಎಷ್ಟು ಮಣಿಯಬೇಕೆಂಬುದರ ಮೇಲೆ ವ್ಯವಸ್ಥೆಯ ಜಾತಿ ನಿರ್ಣಯವಾಗುತ್ತದೆ.

ಒಂದು ಲೆಕ್ಕವನ್ನು ಮಾಡಿ ನೋಡೋಣ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರಿಂದ ಮೊದಲ್ಗೊಂಡು, ಲಕ್ಷಗಟ್ಟಲೆಯಾಗಿ ತಯಾರಾದ ವಿಲ್ಲೀಸ್ ಜೀಪಿನ ಎರಡು ಅಚ್ಚುಗಳ ನಡುವಣ ಅಂತರ 80 ಅಂಗುಲ, ಎಂದರೆ ಹೆಚ್ಚುಕಡಿಮೆ 2 ಮೀಟರು. ಅದರ ಹಿಂದಿನ ಅಚ್ಚಿನ ಮಧ್ಯಬಿಂದುವು 5 ಮೀಟರು ತ್ರಿಜ್ಯದ ವೃತ್ತದಲ್ಲಿ ಸುತ್ತುತ್ತಿದೆಯೆಂದಿಟ್ಟುಕೊಂಡರೆ, ಮುಂದಿನ ಅಚ್ಚಿನ ಮಧ್ಯಬಿಂದುವು ಪೈಥಾಗೊರಸನ ಪ್ರಮೇಯದಂತೆ ಸುಮಾರು 5.4 ಮೀಟರು ತ್ರಿಜ್ಯದ ವೃತ್ತವನ್ನು ರಚಿಸುತ್ತದೆ. ಒಂದು ಪೂರ್ಣ ಸುತ್ತು ಮುಗಿಯುವಷ್ಟರಲ್ಲಿ ಹಿಂದಿನದು 31.4 ಮೀಟರನ್ನೂ ಮುಂದಿನದು 33.8 ಮೀಟರನ್ನೂ ಕ್ರಮಿಸಿರುತ್ತವೆ. ಈ 2.4 ಮೀಟರಿನ ವ್ಯತ್ಯಾಸವು ಆ ಜೀಪಿನ ಟೈರಿನ ಒಂದು ಸುತ್ತಳತೆಗಿಂತ ಸ್ವಲ್ಪ ಹೆಚ್ಚು. ಅಚ್ಚಿನೊಳಗಣ ಹಲ್ಲುಚಕ್ರಗಳ ಅನುಪಾತ 4.88 ಆಗಿರುವುದರಿಂದ, ಮುಂದಿನ ಅಚ್ಚಿಗೆ ಬಲವನ್ನೊಯ್ಯುವ ಪ್ರೊಪೆಲರ್ ಶಾಫ್ಟು ಹಿಂದಿನದಕ್ಕಿಂತ ಐದು ಸುತ್ತು ಹೆಚ್ಚಾಗಿ ತಿರುಗಬೇಕಾಗುತ್ತದೆ. ಎಡಬಲ ಚಕ್ರಗಳ ನಡುವಣ ವ್ಯತ್ಯಾಸವಂತೂ ಇದಕ್ಕಿಂತ ದೊಡ್ಡದು: ಅದೇ ಸುತ್ತಿನಲ್ಲಿ ಹಿಂದಿನ ಹೊರಚಕ್ರವು ಒಳಚಕ್ರಕ್ಕಿಂತ 7 ಮೀಟರಿಗೂ ಮಿಕ್ಕಿದ ದೂರವನ್ನು ಹೆಚ್ಚಾಗಿ ಉರುಳುತ್ತದೆ.

ಎಡಬಲಗಳ ಈ ಕಲಹಕ್ಕೆ ಪರಿಹಾರ ಕಾರಿಗಿಂತಲೂ ಹಳೆಯದು. ಫ್ರಾನ್ಸಿನ ಗಡಿಯಾರ ತಯಾರಕ ಒನೆಸಿಫೋರ್ ಪೆಕ್ಯೂರನು 1827ರಲ್ಲಿ ಉಗಿಬಂಡಿಗಾಗಿ ರೂಪಿಸಿದ ಡಿಫರೆನ್ಷಿಯಲ್, ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಿದರೂ ಎರಡಕ್ಕೂ ಸಮನಾದ ತಿರುಗುಬಲವನ್ನು ಕೊಡುವ ಸಾಧನ. ಆದರೆ ಅದರ ಗುಣವೇ ಅದರ ದೋಷವೂ ಹೌದು. ಒಂದು ಚಕ್ರವು ಕೆಸರಿನಲ್ಲಿ ಹೂತು ಹಿಡಿತ ಕಳೆದುಕೊಂಡಿತೆಂದರೆ, ಅದು ತಾಳಿಕೊಳ್ಳಬಲ್ಲ ಅತ್ಯಲ್ಪ ಬಲಕ್ಕೆ ಸಮನಾದಷ್ಟು ಬಲ ಮಾತ್ರವೇ ಗಟ್ಟಿ ನೆಲದ ಮೇಲಿರುವ ಇನ್ನೊಂದಕ್ಕೂ ಸಲ್ಲುತ್ತದೆ. ಒಂದು ಸುಮ್ಮನೆ ಗಿರಗಿರನೆ ತಿರುಗುತ್ತಿದ್ದರೆ ಇನ್ನೊಂದು ನಿಶ್ಚಲವಾಗಿರುತ್ತದೆ. ನಾಲ್ಕು ಚಕ್ರಗಳಿಗೆ ಬಲ ಹರಿಯುತ್ತಿದ್ದರೂ ವಾಹನ ಮಿಸುಕದಿರುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ.

ವಿಲ್ಲೀಸ್ ಜೀಪೂ, 1947ರಿಂದ ಮಹೀಂದ್ರಾ ಸಂಸ್ಥೆ ಮುಂಬಯಿಯಲ್ಲಿ ಜೋಡಿಸತೊಡಗಿದ ಅದರ ಸಂತತಿಯೂ, 1985ರಲ್ಲಿ ಬಂದ ಮಾರುತಿ ಜಿಪ್ಸಿಯೂ, ಇಂದಿನ ಥಾರ್ ಮತ್ತು ಜಿಮ್ನಿಗಳೂ ಅನುಸರಿಸುವುದು ಅತ್ಯಂತ ಸರಳವಾದ ಮಾರ್ಗವನ್ನು. ಗೇರ್‌ಬಾಕ್ಸಿನ ಬೆನ್ನಿಗೆ ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಪೆಟ್ಟಿಗೆಯಿದ್ದು, ಸಾಮಾನ್ಯವಾಗಿ ಹಿಂದಿನ ಅಚ್ಚಿಗೆ ಮಾತ್ರ ಬಲ ಹೋಗುತ್ತದೆ. ಚಾಲಕನು ಸಣ್ಣ ಗೇರ್‌ಕಡ್ಡಿಯನ್ನು ಎಳೆದು ಫೋರ್‌ವೀಲ್ ಹಾಕಿದಾಗ ಮುಂದಿನ ಶಾಫ್ಟು ಹಿಂದಿನದಕ್ಕೆ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ನಡುವೆ ಡಿಫರೆನ್ಷಿಯಲ್ ಇಲ್ಲ, ಸಡಿಲಿಕೆ ಇಲ್ಲ. ಆದುದರಿಂದ ಹಿಂದಿನ ಚಕ್ರಗಳು ಜಾರಿದರೂ ಮುಂದಿನ ಅಚ್ಚಿಗೆ ಬಲ ತಪ್ಪದು. ಪೆಟ್ಟಿಗೆಯ ಎರಡನೆಯ ಉಪಕಾರವೆಂದರೆ ‘ಲೋ’ ಗೇರು. ವಿಲ್ಲೀಸಿನಲ್ಲಿ ಅದರ ಅನುಪಾತ 1.97; ಮೊದಲನೆಯ ಗೇರಿನ ಮತ್ತು ಅಚ್ಚಿನ ಅನುಪಾತಗಳೊಡನೆ ಗುಣಿಸಿದರೆ ಚಕ್ರವು ಒಂದು ಸುತ್ತು ತಿರುಗಬೇಕಾದರೆ ಎಂಜಿನ್ನು ಸುಮಾರು 25 ಸುತ್ತು ತಿರುಗುತ್ತದೆ. ಕಡಿದಾದ ಏರಿನಲ್ಲಿ ಎಂಜಿನ್ನು ನಿಲ್ಲದೆ ನಡಿಗೆಯ ವೇಗದಲ್ಲಿ ಹತ್ತುವುದಕ್ಕೂ, ಇಳಿಜಾರಿನಲ್ಲಿ ಬ್ರೇಕಿನ ಹಂಗಿಲ್ಲದೆ ಹಿಡಿದಿಳಿಸುವುದಕ್ಕೂ ತೋಟದ ಚಾಲಕನು ನೆಚ್ಚಿಕೊಳ್ಳುವುದು ಈ ಗೇರನ್ನೇ.

ಆದರೆ ಇಂತಹ ವಾಹನವನ್ನು ಇಂದಿರಾನಗರದ ನೂರಡಿ ರಸ್ತೆಯಲ್ಲಿ, ಒಣಗಿದ ಡಾಂಬರಿನ ಮೇಲೆ, ಫೋರ್‌ವೀಲ್ ಹಾಕಿದಂತೆಯೇ ಯು-ತಿರುವು ಹೊಡೆಸಿದರೆ ಏನಾದೀತು? ಮೇಲಿನ ಲೆಕ್ಕದ ಐದು ಸುತ್ತಿನಲ್ಲಿ ಅರ್ಧದಷ್ಟು ಅಂತರ ಎಲ್ಲಿಯಾದರೂ ಕಳೆಯಬೇಕು. ಕೆಸರಿನಲ್ಲಾಗಿದ್ದರೆ ಟೈರುಗಳು ಒಂದಿಷ್ಟು ಜಾರಿ ಅದನ್ನು ನುಂಗಿಕೊಳ್ಳುತ್ತಿದ್ದವು. ಗಟ್ಟಿ ನೆಲದಲ್ಲಿ ಅವು ಜಾರಲೊಪ್ಪವು. ಆಗ ಉಕ್ಕಿನ ಶಾಫ್ಟುಗಳೇ ತಿರುಚಿಕೊಳ್ಳುತ್ತವೆ, ಸ್ಟೇರಿಂಗು ಬಿಗಿಯುತ್ತದೆ, ವಾಹನ ಬ್ರೇಕು ಹಿಡಿದಂತೆ ಕುಗ್ಗುತ್ತದೆ, ಕೊನೆಗೆ ಯಾವುದೋ ಒಂದು ಟೈರು ಕಿರುಚಿ ಬಿಟ್ಟುಕೊಡುತ್ತದೆ. ಗುಜರಿಯ ಓಣಿಯಲ್ಲಿ ಬಿಚ್ಚಿಟ್ಟ ಟ್ರಾನ್ಸ್‌ಫರ್ ಕೇಸೊಂದರ ಮುಂದೆ ಕುಕ್ಕರುಗಾಲಲ್ಲಿ ಕುಳಿತಿದ್ದ ವೃದ್ಧ ಮೇಸ್ತ್ರಿಯೊಬ್ಬರು, ಗೇರಿನ ಹಲ್ಲುಗಳ ಮೇಲಿನ ಎಣ್ಣೆಯನ್ನು ಬಟ್ಟೆಯಿಂದ ಒರೆಸಿ, “ನೋಡಿ ಸಾರ್, ಒಣಾ ರೋಡಲ್ಲಿ ಫೋರ್‌ವೀಲ್ ಹಾಕ್ಕೊಂಡೇ ಓಡಿಸಿದ್ದಾರೆ” ಎಂದು ತೋರಿಸಿದರು. ಹಲ್ಲುಗಳ ಒಂದೇ ಮಗ್ಗುಲು ಸವೆದು ಹೊಳೆಯುತ್ತಿತ್ತು. ಸವೆತದ ಅಂಚಿನಲ್ಲಿ ಲೋಹದ ಚೂರುಗಳು ಪದರ ಪದರವಾಗಿ ಎದ್ದಿದ್ದವು. ಹೀಗೆ ಬಿಗಿದುಕೊಂಡಾಗ ಗೇರ್‌ಕಡ್ಡಿ ಟು-ವೀಲಿಗೆ ಹಿಂದಿರುಗಲು ಒಪ್ಪದು. ಬಲಪ್ರಯೋಗ ಮಾಡದೆ ಕೆಲವು ಮೀಟರು ಹಿಂದಕ್ಕೆ ಓಡಿಸಿದರೆ ಶಾಫ್ಟಿನ ತಿರುಚು ಬಿಚ್ಚಿಕೊಂಡು ಕಡ್ಡಿ ತಾನಾಗಿ ಸಡಿಲವಾಗುವುದು.

ಗಟ್ಟಿ ರಸ್ತೆಯಲ್ಲಿಯೂ ನಾಲ್ಕು ಚಕ್ರಗಳು ಸದಾ ದುಡಿಯಬೇಕೆಂದರೆ ಎರಡು ಅಚ್ಚುಗಳ ನಡುವೆಯೂ ಒಂದು ಡಿಫರೆನ್ಷಿಯಲ್ಲನ್ನು ಇಡಬೇಕು. 1966ರ ಜೆನ್ಸನ್ ಎಫ್‌ಎಫ್ ಕಾರೂ 1970ರ ರೇಂಜ್ ರೋವರೂ ಈ ಮಾರ್ಗ ಹಿಡಿದವು. ತಿರುವಿನ ತೊಂದರೆ ನೀಗಿತು. ಆದರೆ ಹಿಂದೆ ಹೇಳಿದ ದೋಷವು ಇಮ್ಮಡಿಸಿತು. ಈಗ ನಾಲ್ಕರಲ್ಲಿ ಯಾವುದೊಂದು ಚಕ್ರ ಜಾರಿದರೂ ಉಳಿದ ಮೂರೂ ಶಕ್ತಿಹೀನವಾಗುವುವು. ಆದುದರಿಂದ ನಡುವಣ ಡಿಫರೆನ್ಷಿಯಲ್ಲಿಗೆ ಬೀಗ ಹಾಕುವ ಉಪಾಯ ಬೇಕಾಯಿತು: ಕೈಯಿಂದ ಹಾಕುವ ಬೀಗ ಒಂದು ಬಗೆ, ತಾನಾಗಿ ಬಿಗಿಯುವುದು ಇನ್ನೊಂದು ಬಗೆ. ಸ್ನಿಗ್ಧ ಕಪ್ಲಿಂಗ್ ಎನ್ನಬಹುದಾದ ಸಾಧನದಲ್ಲಿ ಸಿಲಿಕೋನ್ ದ್ರವದಲ್ಲಿ ಮುಳುಗಿದ ತೆಳು ಫಲಕಗಳಿದ್ದು, ಎರಡು ಕಡೆಗಳ ವೇಗವು ಬಹಳ ಬೇರೆಯಾದಾಗ ದ್ರವವು ಫಲಕಗಳನ್ನು ಒಟ್ಟಿಗೆ ಸೆಳೆದೊಯ್ಯುತ್ತದೆ. ಅಮೆರಿಕದ ವರ್ನನ್ ಗ್ಲೀಸ್‌ಮನ್ ರೂಪಿಸಿದ ಟಾರ್ಸೆನ್ ಡಿಫರೆನ್ಷಿಯಲ್ಲು ಸುರುಳಿಹಲ್ಲುಗಳ ಘರ್ಷಣೆಯಿಂದಲೇ ನಿಧಾನವಾಗಿ ತಿರುಗುವ ಕಡೆಗೆ ಹೆಚ್ಚು ಬಲವನ್ನು ತಿರುಗಿಸುತ್ತದೆ. ಬುದ್ಧಿಯ ಸೊಬಗಿನಲ್ಲಿ ಇದಕ್ಕೆ ಸಮನಾದ ಯಾಂತ್ರಿಕ ರಚನೆಗಳು ವಿರಳ. ಆದರೂ ಒಂದು ಮಿತಿಯುಂಟು: ಹಿಡಿತವಿಲ್ಲದ ಕಡೆಯ ಬಲವನ್ನು ಇಷ್ಟು ಪಾಲಿಗೆ ಹೆಚ್ಚಿಸಿ ಇನ್ನೊಂದು ಕಡೆಗೆ ಕೊಡುವುದು ಅದರ ಧರ್ಮವಾದ್ದರಿಂದ, ಒಂದು ಚಕ್ರ ಗಾಳಿಯಲ್ಲಿ ತೇಲಿದಾಗ ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ ದೊರೆಯುವುದು.

ಮೂರನೆಯ ಕುಲವು ಇತ್ತೀಚಿನದು, ಮತ್ತು ನಗರದಲ್ಲಿ ಅತಿ ಹೆಚ್ಚಾಗಿ ಕಾಣುವಂಥದು. ಇದರಲ್ಲಿ ಮುಂದಿನ ಚಕ್ರಗಳು ಸದಾ ಎಳೆಯುತ್ತವೆ; ಹಿಂದಿನ ಅಚ್ಚಿನ ಮುಂದೆ ಅನೇಕ ಫಲಕಗಳ ಒಂದು ಕ್ಲಚ್ ಇದ್ದು, ಮುಂಚಕ್ರ ಜಾರಿದ ಸುಳಿವು ಸಿಕ್ಕೊಡನೆ ಕಂಪ್ಯೂಟರು ಅದನ್ನು ಒತ್ತಿ ಹಿಂಚಕ್ರಗಳಿಗೆ ಬಲವನ್ನು ಕಳಿಸುತ್ತದೆ. ನಮ್ಮ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯೊಂದರಿಂದಲೇ ಎರಡು ಕುಲಗಳ ವಾಹನಗಳೂ ಹೊರಬರುವುದು ಈ ಭೇದವನ್ನು ತಿಳಿಯಲು ಅನುಕೂಲವಾದ ಸಂಗತಿ. ಅಲ್ಲಿಯ ಹೈರೈಡರ್ ಮತ್ತು ಮಾರುತಿಗಾಗಿ ತಯಾರಾಗುವ ಗ್ರ್ಯಾಂಡ್ ವಿಟಾರಾಗಳ ನಾಲ್ಕು ಚಕ್ರ ಚಾಲನೆಯ ಮಾದರಿಗಳು ಈ ಕ್ಲಚ್ಚಿನ ಬಗೆಯವು. ಅವುಗಳಲ್ಲಿ ‘ಲೋ’ ಗೇರು ಇಲ್ಲ. ಫಾರ್ಚೂನರಿನಲ್ಲಾದರೋ ಟ್ರಾನ್ಸ್‌ಫರ್ ಕೇಸೂ ‘ಲೋ’ ಗೇರೂ ಉಂಟು. ಆ ಒಂದು ಹೆಸರಿನಡಿಯಲ್ಲಿಯೇ ವ್ಯವಸ್ಥೆ ಬದಲಾದುದೂ ಉಂಟು: 2009ರ ಮೊದಲ ಪೀಳಿಗೆ ಮಧ್ಯದ ಡಿಫರೆನ್ಷಿಯಲ್ಲುಳ್ಳ ಸದಾಕಾಲದ ನಾಲ್ಕು ಚಕ್ರ ಚಾಲನೆಯದಾಗಿದ್ದರೆ, 2016ರ ಎರಡನೆಯ ಪೀಳಿಗೆ ಜೀಪಿನಂತೆ ಬೇಕಾದಾಗ ಮಾತ್ರ ಹಾಕುವ ಬಗೆಗೆ ತಿರುಗಿತು. ಕ್ಲಚ್ಚಿನ ವ್ಯವಸ್ಥೆಯನ್ನು ಕೀಳೆಂದು ಜರೆಯುವುದು ನ್ಯಾಯವಲ್ಲ. ಮಳೆಯಲ್ಲಿ ತೊಯ್ದ ರಸ್ತೆಗೂ, ಮಣ್ಣಿನ ಹಾದಿಯ ಸಣ್ಣ ಏರಿಗೂ ಅದು ಚೆನ್ನಾಗಿ ಒದಗುತ್ತದೆ, ಚಾಲಕನಿಂದ ಯಾವ ಜ್ಞಾನವನ್ನೂ ಬೇಡುವುದಿಲ್ಲ. ಆದರೆ ಆಳವಾದ ಮರಳಿನಲ್ಲಿ ಬಹಳ ಹೊತ್ತು ದುಡಿಸಿದರೆ ಫಲಕಗಳು ಕಾಯ್ದು, ತಮ್ಮನ್ನು ರಕ್ಷಿಸಿಕೊಳ್ಳಲು ಕಳಚಿಕೊಳ್ಳುತ್ತವೆ. ಕೊಳ್ಳುವವರು ಗುರುತಿನ ಪಟ್ಟಿಯನ್ನು ನೋಡುವ ಬದಲು ‘ಲೋ’ ಗೇರು ಇದೆಯೇ, ಡಿಫರೆನ್ಷಿಯಲ್ಲಿಗೆ ಬೀಗವಿದೆಯೇ, ಬೀಗದ ಬದಲು ಜಾರುವ ಚಕ್ರವನ್ನು ಬ್ರೇಕಿನಿಂದ ತಡೆಯುವ ಉಪಾಯ ಮಾತ್ರ ಇದೆಯೇ ಎಂದು ಕೇಳುವುದು ಮೇಲು.

ಹಲಸೂರಿನಿಂದ ಹೊರಟು ಇಂದಿರಾನಗರದ ಅಂಚನ್ನು ಸವರಿ ಕೆ.ಆರ್. ಪುರದ ತೂಗುಸೇತುವೆಯನ್ನು ದಾಟಿ ಕೋಲಾರದತ್ತ ಸಾಗುವ ಹಳೆಯ ಮದರಾಸು ರಸ್ತೆಯ ಸೀಮೆಯಲ್ಲಿಯೇ ಈ ವಿದ್ಯೆಯ ಬೃಹದ್ರೂಪವೂ ಬೆಳೆಯಿತು. ತಿಪ್ಪಸಂದ್ರದಲ್ಲಿ ಕಾರ್ಖಾನೆಯುಳ್ಳ ಬೆಮೆಲ್ ಸಂಸ್ಥೆಯು ಚೆಕೊಸ್ಲೊವಾಕಿಯದೊಡನೆ 1986ರಲ್ಲಿ ಮಾಡಿಕೊಂಡ ಒಪ್ಪಂದದ ಮೇರೆಗೆ ಕೆ.ಜಿ.ಎಫ್.ನಲ್ಲಿ ಸೈನ್ಯಕ್ಕಾಗಿ ಟಾಟ್ರಾ ಟ್ರಕ್ಕುಗಳನ್ನು ತಯಾರಿಸಿತು. ಹಾನ್ಸ್ ಲೆಡ್ವಿಂಕನು 1923ರಲ್ಲಿ ಟಾಟ್ರಾ ಕಾರಿಗೆ ಅಳವಡಿಸಿದ ಕಲ್ಪನೆ ಇದರ ಮೂಲ: ಚೌಕಟ್ಟಿನ ಬದಲು ನಡುವೆ ಒಂದೇ ದಪ್ಪ ಉಕ್ಕಿನ ಕೊಳವೆ, ಅದರೊಳಗೆ ಧೂಳು ನೀರುಗಳಿಂದ ಸುರಕ್ಷಿತವಾದ ಶಾಫ್ಟು, ಅದರಿಂದ ಎಡಕ್ಕೂ ಬಲಕ್ಕೂ ಪ್ರತ್ಯೇಕವಾಗಿ ತೂಗಾಡುವ ಅರ್ಧ ಅಚ್ಚುಗಳು. ಅರ್ಧ ಅಚ್ಚಿನ ದೊಡ್ಡ ಹಲ್ಲುಚಕ್ರವು ಶಾಫ್ಟಿನ ಸಣ್ಣ ಹಲ್ಲುಚಕ್ರದ ಸುತ್ತಲೇ ಉರುಳುತ್ತ ಮೇಲೆ ಕೆಳಗೆ ಆಡುವುದರಿಂದ ಅಲ್ಲಿ ಬಾಗುವ ಜಾಯಿಂಟುಗಳ ಅಗತ್ಯವೇ ಬೀಳದು. ಎಡಬಲಗಳ ಹಲ್ಲುಚಕ್ರಗಳಿಗೆ ಒಂದೇ ಸ್ಥಳ ಸಾಲದಾದ್ದರಿಂದ ಎರಡು ಬದಿಯ ಚಕ್ರಗಳೂ ಒಂದಕ್ಕೊಂದು ಸ್ವಲ್ಪ ಹಿಂದೆಮುಂದಾಗಿ ನಿಂತಿರುತ್ತವೆ.

ವಿದ್ಯುತ್ ವಾಹನದಲ್ಲಿ ಮುಂದಿನ ಅಚ್ಚಿಗೊಂದು, ಹಿಂದಿನ ಅಚ್ಚಿಗೊಂದು ಮೋಟಾರನ್ನಿಟ್ಟರೆ ನಡುವೆ ಶಾಫ್ಟೂ ಬೇಡ, ಟ್ರಾನ್ಸ್‌ಫರ್ ಕೇಸೂ ಬೇಡ. ಫರ್ಡಿನಾಂಡ್ ಪೋರ್ಷೆಯು 1900ರಷ್ಟು ಹಿಂದೆಯೇ ನಾಲ್ಕು ಚಕ್ರಗಳ ಗುಂಬಗಳಲ್ಲಿಯೂ ಮೋಟಾರುಗಳನ್ನಿಟ್ಟು ಇದನ್ನು ಸಾಧಿಸಿದ್ದನು. ಸೀಸದ ಬ್ಯಾಟರಿಯ ಅಗಾಧ ಭಾರ ಆ ಕಲ್ಪನೆಯನ್ನು ಆಗ ಮುಂದುವರಿಯಗೊಡಲಿಲ್ಲ.

ಇಷ್ಟೆಲ್ಲ ಜಾಣ್ಮೆಯೂ ಒಂದು ವಿಷಯದಲ್ಲಿ ನಿಸ್ಸಹಾಯವೆಂಬುದನ್ನು ಮಳೆಗಾಲದಲ್ಲಿ ಮರೆಯಬಾರದು. ಎಲ್ಲ ಕಾರುಗಳೂ ಬ್ರೇಕು ಹಿಡಿಯುವುದು ನಾಲ್ಕು ಚಕ್ರಗಳಿಂದಲೇ. ಒದ್ದೆ ರಸ್ತೆಯಲ್ಲಿ ನಿಲ್ಲುವ ದೂರವನ್ನು ನಿರ್ಣಯಿಸುವುದು ಟೈರು ಮತ್ತು ನೆಲ, ಚಾಲನೆಯ ಬಗೆಯಲ್ಲ. 2022ರ ಸೆಪ್ಟೆಂಬರಿನಲ್ಲಿ ನಗರದ ಪೂರ್ವಭಾಗದ ಹೊರವರ್ತುಲ ರಸ್ತೆ ಜಲಾವೃತವಾಗಿ ಜನರನ್ನು ಟ್ರಾಕ್ಟರುಗಳಲ್ಲಿ ಸಾಗಿಸಬೇಕಾದಂತಹ ಸಂದರ್ಭದಲ್ಲಿ ವಾಹನದ ಗತಿಯನ್ನು ನಿಶ್ಚಯಿಸುವುದು ಎಂಜಿನ್ನು ಉಸಿರಾಡುವ ಗಾಳಿಬಾಯಿಯ ಎತ್ತರ. ಅದರೊಳಕ್ಕೆ ನೀರು ಹೊಕ್ಕರೆ, ನೀರು ಗಾಳಿಯಂತೆ ಅದುಮಿಸಿಕೊಳ್ಳದ ಕಾರಣ, ಪಿಸ್ಟನ್ನಿನ ಕನೆಕ್ಟಿಂಗ್ ರಾಡು ಬಾಗಿಹೋಗುತ್ತದೆ. ಇನ್ನೊಂದು ಅಪಾಯ ಕಣ್ಣಿಗೆ ಬೀಳದಂಥದು: ಓಡಿ ಕಾಯ್ದ ಅಚ್ಚು ಹಠಾತ್ತಾಗಿ ತಣ್ಣನೆಯ ನೀರಿನಲ್ಲಿ ಮುಳುಗಿದಾಗ ಅದರೊಳಗಿನ ಗಾಳಿ ಸಂಕುಚಿತವಾಗಿ, ಬ್ರೀದರ್ ಎಂಬ ಸಣ್ಣ ರಂಧ್ರದ ಮೂಲಕ ನೀರನ್ನು ಒಳಕ್ಕೆ ಹೀರಿಕೊಳ್ಳುತ್ತದೆ. ನಾಲ್ಕು ಚಕ್ರ ಚಾಲನೆಯ ವಾಹನದಲ್ಲಿ ಇಂತಹ ರಂಧ್ರಗಳು ಎರಡು ಅಚ್ಚುಗಳಲ್ಲಿಯೂ ಟ್ರಾನ್ಸ್‌ಫರ್ ಕೇಸಿನಲ್ಲಿಯೂ ಇರುವುದರಿಂದ ಅಪಾಯವೂ ಅಷ್ಟು ಹೆಚ್ಚು. ಆಳವಾದ ನೀರನ್ನು ದಾಟಿಬಂದ ಮೇಲೆ ತಳದ ತಿರುಪನ್ನು ಬಿಚ್ಚಿ ನೋಡತಕ್ಕದ್ದು: ಎಣ್ಣೆಯು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆಯೆಂದೇ ಅರ್ಥ, ಹಾಗೆಯೇ ಬಿಟ್ಟರೆ ಬೇರಿಂಗುಗಳು ಬಲುಬೇಗ ತುಕ್ಕು ಹಿಡಿದು ಕೆಡುತ್ತವೆ. ಬ್ರೀದರಿಗೆ ರಬ್ಬರಿನ ನಳಿಕೆಯೊಂದನ್ನು ಸಿಕ್ಕಿಸಿ, ಅದರ ಬಾಯನ್ನು ಬಾನೆಟ್ಟಿನೊಳಗೆ ಎತ್ತರದಲ್ಲಿ ಕಟ್ಟಿಬಿಡುವುದು ಇದಕ್ಕೆ ತಕ್ಕ ಪರಿಹಾರ. ಅದಕ್ಕೆ ದೊಡ್ಡ ಖರ್ಚೂ ಇಲ್ಲ, ಹೆಚ್ಚು ಹೊತ್ತೂ ಬೇಕಿಲ್ಲ.